ಬೇಡದ ಕೂದಲು ತೆಗೆಯಲು ಯಾವ ವಿಧಾನ? ಚರ್ಮ ನೋಡಿ ಆರಿಸುವ ಕ್ರಮ

ವ್ಯಾಕ್ಸ್ ಮಾಡಿಸಿದ ಮೇಲೆ ಕಂಕುಳು ಕಪ್ಪಾಯ್ತು. ಲೇಸರ್‌ಗೆ ದುಡ್ಡು ಕಟ್ಟಿ ಆರು ಸಲ ಹೋಗಿ ಬಂದರೂ ಗದ್ದದ ಕೂದಲು ಹಾಗೇ ಇದೆ. ಕ್ರೀಮ್ ಹಚ್ಚಿ ತುಟಿ ಮೇಲೆ ಸುಟ್ಟ ಗಾಯ ಆಯ್ತು. ಈ ಮೂರು ದೂರು ಮತ್ತೆ ಮತ್ತೆ ಕೇಳಿಬರುತ್ತವೆ. ಹೆಚ್ಚಿನ ಸಲ ಆಗಿರುವುದು ಒಂದೇ ತಪ್ಪು: ಗೆಳತಿ ಹೇಳಿದ್ದೋ, ಜಾಹೀರಾತಿನಲ್ಲಿ ಕಂಡಿದ್ದೋ ಒಂದು ವಿಧಾನವನ್ನು ಮೊದಲೇ ಗಟ್ಟಿ ಮಾಡಿಕೊಂಡು, ತಮ್ಮ ಚರ್ಮ ಎಂಥದ್ದು, ಕೂದಲು ಯಾಕೆ ಬಂದಿದೆ ಎಂಬುದನ್ನು ನೋಡದೇ ಇರುವುದು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಜನ ಹಾರಿಸಿಬಿಡುವುದೂ ಅವನ್ನೇ.

ಹಂತ 1: ಕೂದಲು ಯಾಕೆ ಬಂದಿದೆ?

ಕೈಕಾಲಿನ ಮೇಲೆ ಚಿಕ್ಕಂದಿನಿಂದ ಇರುವ ಕೂದಲು ಮನೆತನದ್ದು. ಅಮ್ಮನಿಗೋ ಸೋದರತ್ತೆಗೋ ಹಾಗೇ ಇರುತ್ತದೆ. ಅದಕ್ಕೆ ಯಾವ ತಪಾಸಣೆಯೂ ಬೇಡ, ತೆಗೆಯಲೇಬೇಕೆಂದೂ ಇಲ್ಲ. ಆದರೆ ಹೆಣ್ಣುಮಕ್ಕಳಿಗೆ ಗದ್ದ, ತುಟಿಯ ಮೇಲೆ, ಎದೆಯ ನಡುವೆ, ಹೊಕ್ಕುಳ ಕೆಳಗೆ ಕಪ್ಪಗೆ ಒರಟಾದ ಕೂದಲು ಹೊಸದಾಗಿ ಬರತೊಡಗಿದರೆ ಲೆಕ್ಕ ಬೇರೆ. ಇದಕ್ಕೆ ವೈದ್ಯರು ಹಿರ್ಸುಟಿಸಂ ಎನ್ನುತ್ತಾರೆ. ಬಹಳ ಸಲ ಇದರ ಹಿಂದೆ ಇರುವುದು ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ.

ಕ್ಯಾಲೆಂಡರ್ ತೆಗೆದು ನೋಡಿ. ಮುಟ್ಟಿನ ಅಂತರ 35 ದಿನ ದಾಟುತ್ತಿದೆಯಾ? ವರ್ಷಕ್ಕೆ 8 ಸಲಕ್ಕಿಂತ ಕಡಿಮೆ ಆಗುತ್ತಿದೆಯಾ? ಜೊತೆಗೆ ಮೊಡವೆ ಹೋಗುತ್ತಲೇ ಇಲ್ಲವಾ, ತಲೆಯ ನಡುಭಾಗದಲ್ಲಿ ಕೂದಲು ತೆಳ್ಳಗಾಗುತ್ತಿದೆಯಾ? ಕತ್ತಿನ ಹಿಂಭಾಗ, ಕಂಕುಳಲ್ಲಿ ಮಖಮಲ್ಲಿನಂಥ ದಪ್ಪ ಕಪ್ಪು ಬಂದಿದೆಯಾ? ಇದರಲ್ಲಿ ಒಂದೆರಡಕ್ಕೆ ಹೌದು ಎಂದಾದರೆ ಪಾರ್ಲರ್‌ಗೆ ಮುಂಚೆ ಸ್ತ್ರೀರೋಗ ತಜ್ಞರನ್ನೋ ಹಾರ್ಮೋನ್ ವೈದ್ಯರನ್ನೋ ಕಾಣಬೇಕು. ಅವರು ಸಾಮಾನ್ಯವಾಗಿ ಟೆಸ್ಟೋಸ್ಟಿರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ ಬರೆದುಕೊಡುತ್ತಾರೆ, ಬೇಕಾದರೆ ಸ್ಕ್ಯಾನಿಂಗ್ ಕೂಡ. ಒಳಗೆ ಹಾರ್ಮೋನ್ ಏರುಪೇರು ಹಾಗೇ ಇದ್ದರೆ ಹೊರಗೆ ಎಷ್ಟೇ ಲೇಸರ್ ಹೊಡೆಸಿದರೂ ಹೊಸ ಕೂದಲು ಬರುತ್ತಲೇ ಇರುತ್ತದೆ.

ಇಲ್ಲೊಂದು ವಿಷಯ ಮುಂಚೆಯೇ ಗೊತ್ತಿರಲಿ. ಹಾರ್ಮೋನ್ ಸರಿಮಾಡಲು ವೈದ್ಯರು ಕೊಡುವ ಮಾತ್ರೆ ಶುರು ಮಾಡಿದರೂ ಮುಖದ ಕೂದಲಿನಲ್ಲಿ ವ್ಯತ್ಯಾಸ ಕಾಣಲು ಸುಮಾರು 6 ತಿಂಗಳು ಬೇಕು. ಈಗಾಗಲೇ ಬಂದಿರುವ ಒರಟು ಕೂದಲು ಮಾತ್ರೆಯಿಂದ ಉದುರಿಹೋಗುವುದಿಲ್ಲ. ಮಾತ್ರೆ ಮತ್ತು ಕೂದಲು ತೆಗೆಯುವುದು ಎರಡೂ ಜೊತೆಯಲ್ಲಿ ಸಾಗಬೇಕು. ಎರಡು ತಿಂಗಳು ನುಂಗಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ.

ಇನ್ನು ಔಷಧಿಗಳಿಂದಲೂ ಕೂದಲು ಬರುತ್ತದೆ. ತಲೆಗೂದಲು ಉದುರುತ್ತದೆಂದು ಮಿನಾಕ್ಸಿಡಿಲ್ ಹಚ್ಚುವವರಿಗೆ ಹಣೆ, ಕೆನ್ನೆಯಲ್ಲಿ ಕೂದಲು ಕಾಣಿಸಿಕೊಳ್ಳುವುದುಂಟು. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಅದಕ್ಕಿಂತ ನನಗೆ ಹೆಚ್ಚು ಚಿಂತೆ ಇರುವುದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತಂದು ಹಚ್ಚುವ "ಬೆಳ್ಳಗಾಗುವ" ಕ್ರೀಮ್‌ಗಳ ಬಗ್ಗೆ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಮುಖದಲ್ಲಿ ಕೂದಲು ಬರುತ್ತದೆ, ಚರ್ಮವೂ ತೆಳ್ಳಗಾಗುತ್ತದೆ. ಆ ತೆಳುವಾದ ಚರ್ಮದ ಮೇಲೆ ವ್ಯಾಕ್ಸ್ ಎಳೆದರೆ ಸಿಪ್ಪೆಯೇ ಕಿತ್ತುಬರುತ್ತದೆ. ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟರೂ ಮುಖ ಕೆಂಪಾಗಿ ಉರಿಯಬಹುದು, ಹಾಗಾಗಿ ಚರ್ಮವೈದ್ಯರನ್ನು ಕೇಳಿಯೇ ಬಿಡಿ.

ಹಂತ 2: ಕೂದಲನ್ನು ಕಿಟಕಿ ಬೆಳಕಿನಲ್ಲಿ ನೋಡಿ

ಬಾತ್‌ರೂಮಿನ ದೀಪ ಸಾಲದು. ಬೆಳಗಿನ ಹೊತ್ತು ಕಿಟಕಿ ಪಕ್ಕ ಕನ್ನಡಿ ಹಿಡಿದು ನೋಡಿ.

ಬಣ್ಣವೇ ಇಲ್ಲದಂತೆ ಕಾಣುವ ನವಿರು ಕೂದಲಾದರೆ ಲೇಸರ್ ಕೆಲಸ ಮಾಡುವುದಿಲ್ಲ. ಲೇಸರ್‌ನ ಬೆಳಕು ಹಿಡಿಯುವುದು ಕೂದಲಿನಲ್ಲಿರುವ ಕಪ್ಪು ಬಣ್ಣವನ್ನು, ಅಂದರೆ ಮೆಲನಿನ್ ಅನ್ನು. ಆ ಬಣ್ಣ ಬಿಸಿಯಾಗಿ ಬುಡ ಸುಡುತ್ತದೆ. ಬಣ್ಣ ಇಲ್ಲದಿದ್ದರೆ ಸುಡಲು ಏನೂ ಇಲ್ಲ. ಬಿಳಿ ಕೂದಲಿಗೂ ಇದೇ ಮಾತು. ದಪ್ಪ, ಕಪ್ಪು ಕೂದಲಿಗೆ ಲೇಸರ್ ಚೆನ್ನಾಗಿ ಹಿಡಿಯುತ್ತದೆ. ಬಿಳಿ ಕೂದಲು ಪೂರ್ತಿ ಹೋಗಬೇಕು ಎನ್ನುವವರಿಗೆ ಉಳಿಯುವುದು ಎಲೆಕ್ಟ್ರಾಲಿಸಿಸ್. ಒಂದೊಂದೇ ಕೂದಲಿನ ಬುಡಕ್ಕೆ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸುವ ನಿಧಾನದ ಕೆಲಸ. ಗದ್ದದ ಹತ್ತಿಪ್ಪತ್ತು ಕೂದಲಿಗೆ ಸರಿ, ಕಾಲಿಗೆ ಆಗದ ಮಾತು.

ಸುರುಳಿ ಕೂದಲಿದ್ದವರು ಇನ್ನೊಂದನ್ನು ಗಮನಿಸಬೇಕು. ಬುಡದಿಂದ ಕಿತ್ತರೂ ನುಣ್ಣಗೆ ಕೆರೆದರೂ ಕೂದಲು ಚರ್ಮದೊಳಗೇ ಸುತ್ತಿಕೊಂಡು ಗುಳ್ಳೆಯಾಗುತ್ತದೆ. ಗಂಡಸರ ಕತ್ತಿನ ಕೆಳಗೆ ಗಡ್ಡ ಬೋಳಿಸಿದ ಮೇಲೆ ಏಳುವ ಗುಳ್ಳೆಗಳು ಹೆಚ್ಚಾಗಿ ಇವೇ. ಇಂಥವರಿಗೆ ರೇಜರ್‌ಗಿಂತ ಟ್ರಿಮ್ಮರ್ ವಾಸಿ. ಒಂದು ಮಿಲಿಮೀಟರಿನಷ್ಟು ಕೂದಲು ಉಳಿಯಲು ಬಿಡಿ.

ಹಂತ 3: ಚರ್ಮದ ಹಳೇ ಕಥೆ ಕೇಳಿ

ನಮ್ಮಲ್ಲಿ ಹೆಚ್ಚಿನವರ ಚರ್ಮ, ಬಿಳಿಯಿಂದ ಕಪ್ಪಿಗೆ 1ರಿಂದ 6ರವರೆಗೆ ಲೆಕ್ಕ ಹಾಕುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ 4 ಅಥವಾ 5. ಬಿಸಿಲಿಗೆ ಬೇಗ ಕಪ್ಪಾಗುವ, ಸ್ವಲ್ಪ ಗಾಯವಾದರೂ ಕಲೆ ಉಳಿಸಿಕೊಳ್ಳುವ ಚರ್ಮ. ವಿದೇಶಿ ವಿಡಿಯೋ ನೋಡಿ ಮಾಡಿದ್ದು ನಮಗೆ ಕೈಕೊಡುವುದು ಇದಕ್ಕೇ.

ಪರೀಕ್ಷೆ ಸುಲಭ. ಕಳೆದ ಸಲ ಸೊಳ್ಳೆ ಕಚ್ಚಿ ಕೆರೆದುಕೊಂಡ ಜಾಗ, ಒಡೆದ ಮೊಡವೆ, ಅಡುಗೆ ಮನೆಯಲ್ಲಿ ಎಣ್ಣೆ ಸಿಡಿದ ಜಾಗ ನೋಡಿ. ವಾರದಲ್ಲಿ ಮಾಸಿತಾ, ತಿಂಗಳುಗಟ್ಟಲೆ ಕಪ್ಪಾಗಿ ನಿಂತಿತಾ? ತಿಂಗಳು ನಿಲ್ಲುವ ಚರ್ಮವಾದರೆ ಉರಿ ತರುವ ಯಾವ ವಿಧಾನವೂ ನಿಮಗೆ ದುಬಾರಿ. ಕೂದಲು ಮೂರು ವಾರಕ್ಕೆ ವಾಪಸ್ ಬರುತ್ತದೆ, ಕಲೆ ಆರು ತಿಂಗಳು ಕೂತಿರುತ್ತದೆ. ಅಂಥವರಿಗೆ ಮುಖದ ಮಟ್ಟಿಗೆ ನಾನು ಹೇಳುವುದು ಕತ್ತರಿ, ಟ್ರಿಮ್ಮರ್ ಅಥವಾ ಮುಖದ ರೇಜರ್. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಎದ್ದಿದ್ದರೆ ಅದು ಕೀಲಾಯ್ಡ್ ಸ್ವಭಾವ. ಲೇಸರ್, ಎಲೆಕ್ಟ್ರಾಲಿಸಿಸ್ ಎರಡಕ್ಕೂ ಮುಂಚೆ ವೈದ್ಯರಿಗೆ ಹೇಳಲೇಬೇಕು.

"ರೇಜರ್ ಹಾಕಿದರೆ ದಪ್ಪಗೆ ಬೆಳೆಯುತ್ತೆ" ಎಂದು ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಹೆದರಿಸುತ್ತಾರೆ ಅಲ್ವಾ? ಹಾಗಾಗುವುದಿಲ್ಲ. ಕೂದಲಿನ ತುದಿ ಸಹಜವಾಗಿ ಚೂಪಾಗಿರುತ್ತದೆ. ಕತ್ತರಿಸಿದಾಗ ಮೊಂಡಾಗುತ್ತದೆ, ಮುಟ್ಟಿದರೆ ಚುಚ್ಚುತ್ತದೆ, ದಪ್ಪ ಎನಿಸುತ್ತದೆ. ಬುಡಕ್ಕೆ ಬ್ಲೇಡ್ ತಾಗುವುದೇ ಇಲ್ಲ. ಗದ್ದದಲ್ಲಿ ಬೋಳಿಸಿದ ಮೇಲೆ ನಿಜವಾಗಿಯೂ ಜಾಸ್ತಿ ಬಂದಿದ್ದರೆ ಕಾರಣ ಹಾರ್ಮೋನ್. ಹಂತ 1ಕ್ಕೆ ಹೋಗಿ.

ಹಂತ 4: ಜಾಗಕ್ಕೆ ತಕ್ಕ ವಿಧಾನ

ಕೈಕಾಲು: ಇಲ್ಲಿ ಎಲ್ಲವೂ ನಡೆಯುತ್ತದೆ. ದುಡ್ಡು, ಪುರುಸೊತ್ತು, ನೋವು ತಡೆಯುವ ಶಕ್ತಿ ನೋಡಿ ಆರಿಸಿ. ರೇಜರ್ ಎರಡು ಮೂರು ದಿನ, ಕ್ರೀಮ್ ಸುಮಾರು ಒಂದು ವಾರ, ವ್ಯಾಕ್ಸ್ ಅಥವಾ ಎಪಿಲೇಟರ್ ಮೂರು ನಾಲ್ಕು ವಾರ ಬರುತ್ತದೆ. ಕಾಲಿನಲ್ಲಿ ರಕ್ತನಾಳ ಉಬ್ಬಿದ್ದರೆ ಅದರ ಮೇಲೆ ವ್ಯಾಕ್ಸ್ ಬೇಡ. ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುವುದಿಲ್ಲ, ಅವರಿಗೆ ಟ್ರಿಮ್ಮರ್ ಸಾಕು.

ಕಂಕುಳು: ಟ್ರಿಮ್ಮರ್, ಇಲ್ಲವಾದರೆ ಲೇಸರ್. ಕೂದಲು ಇಲ್ಲಿ ಬೇರೆ ಬೇರೆ ದಿಕ್ಕಿಗೆ ಬೆಳೆಯುವುದರಿಂದ ಒಂದೇ ದಿಕ್ಕಿಗೆ ವ್ಯಾಕ್ಸ್ ಎಳೆದರೆ ಅರ್ಧ ಕೂದಲು ಒಳಗೇ ತುಂಡಾಗುತ್ತದೆ. ಕರಾವಳಿಯ ಬೆವರಿನಲ್ಲಿ ಅವೇ ಗುಳ್ಳೆಯಾಗುತ್ತವೆ. ಕೂದಲು ತೆಗೆದ ದಿನ ಡಿಯೋಡರಂಟ್ ಬೇಡ.

ತುಟಿ ಮೇಲೆ, ಹುಬ್ಬು: ಥ್ರೆಡ್ಡಿಂಗ್ ನಮ್ಮಲ್ಲಿ ಎಲ್ಲೆಡೆ ಸಿಗುತ್ತದೆ, ಅಗ್ಗ ಕೂಡ. ಒಂದೇ ಎಚ್ಚರಿಕೆ, ಕೆಲವರು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಕತ್ತಿಗೆ ಸುತ್ತಿಕೊಂಡು ಮಾಡಿ ಎಂದು ಕೇಳಿ. ಹೊಸ ದಾರವನ್ನು ನಿಮ್ಮೆದುರೇ ಉಂಡೆಯಿಂದ ಬಿಡಿಸಬೇಕು. ಮುಖದಲ್ಲಿ ನರುಳ್ಳೆ ಇದ್ದರೆ ಥ್ರೆಡ್ಡಿಂಗ್ ಬೇಡ, ದಾರ ಹೋದ ದಾರಿಯಲ್ಲೆಲ್ಲ ಹರಡುತ್ತದೆ. ಬ್ಲೀಚ್ ಕೂದಲನ್ನು ತೆಗೆಯುವುದಿಲ್ಲ, ಬಣ್ಣ ಮಾಸಿಸುತ್ತದೆ ಅಷ್ಟೆ. ಕಂದು ಚರ್ಮದ ಮೇಲೆ ಹೊಂಬಣ್ಣದ ಕೂದಲು ಇನ್ನೂ ಎದ್ದು ಕಾಣಬಹುದು.

ಕೆನ್ನೆಯ ನವಿರು ಕೂದಲು: ಬಿಟ್ಟುಬಿಡುವುದೇ ಒಳ್ಳೆಯದು. ತೆಗೆಯಲೇಬೇಕಾದರೆ ಮುಖದ ರೇಜರ್. ಲೇಸರ್ ಖಂಡಿತ ಬೇಡ, ಕಾರಣ ಹಂತ 7ರಲ್ಲಿದೆ.

ಗುಪ್ತಾಂಗ: ಟ್ರಿಮ್ಮರ್ ಅಥವಾ ಸಣ್ಣ ಕತ್ತರಿಯಿಂದ ಗಿಡ್ಡ ಮಾಡಿಕೊಂಡರೆ ಸಾಕು. ಕ್ರೀಮ್ ಒಳಭಾಗದ ಮೆತ್ತನೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹೆರಿಗೆಗೋ ಆಪರೇಷನ್‌ಗೋ ಹೋಗುವ ಹಿಂದಿನ ದಿನ ಮನೆಯಲ್ಲೇ ಬೋಳಿಸಿಕೊಂಡು ಹೋಗುವ ರೂಢಿ ಬಿಡಿ. ಬ್ಲೇಡಿನ ಕಣ್ಣಿಗೆ ಕಾಣದ ಗಾಯಗಳಿಂದ ಸೋಂಕು ಆಗುತ್ತದೆ. ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್ ಮಾತ್ರ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ.

ಮೂಗಿನೊಳಗೆ, ಮಚ್ಚೆ ಮೇಲೆ: ಕೀಳಬೇಡಿ. ಕತ್ತರಿಸಿ.

ಹಂತ 5: ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪರೀಕ್ಷೆ

ಬೇಕಾದ್ದು ಗಡಿಯಾರ, ಹತ್ತಿ, ತಣ್ಣೀರು. ಮುಖಕ್ಕೆ ಹಚ್ಚುವ ಯಾವುದನ್ನಾದರೂ ಮೊದಲು ದವಡೆಯ ಅಂಚಿನಲ್ಲಿ, ಕಿವಿಯ ಕೆಳಗೆ ಹಚ್ಚಿ. ಮೊಣಕೈ ಮಡಿಕೆಯಲ್ಲಿ ಏನೂ ಆಗಲಿಲ್ಲ ಎಂದು ಮುಖಕ್ಕೆ ಹಚ್ಚಿದವರಿಗೆ ಉರಿ ಬಂದದ್ದುಂಟು, ಎರಡು ಕಡೆಯ ಚರ್ಮ ಒಂದೇ ಥರ ಇರುವುದಿಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಆಮೇಲೆ 24 ಗಂಟೆ ಕಾಯಿರಿ. ಕ್ರೀಮ್ ತೊಳೆದ ತಕ್ಷಣ ಚೆನ್ನಾಗಿ ಕಂಡು, ರಾತ್ರಿ ಮಲಗುವ ಹೊತ್ತಿಗೆ ಕೆಂಪು ಏಳುವುದೂ ಇದೆ. ಹೋದ ಸಲ ಒಗ್ಗಿದ ಕ್ರೀಮ್ ಈ ಸಲವೂ ಒಗ್ಗುತ್ತದೆಂಬ ಖಾತ್ರಿ ಇಲ್ಲ, ಬಹಳ ದಿನದ ಮೇಲೆ ಹಚ್ಚುವಾಗ ಪರೀಕ್ಷೆ ಮತ್ತೆ ಮಾಡಿ.

ಹಂತ 6: ಕೈಯಾರೆ ಮಾಡುವಾಗ

ರೇಜರ್: ಬೆಚ್ಚಗಿನ ನೀರು, ನೊರೆ, ಹೊಸ ಬ್ಲೇಡ್, ಕೂದಲು ಬೆಳೆಯುವ ದಿಕ್ಕಿಗೆ. ಮನೆಯಲ್ಲಿ ಒಂದೇ ರೇಜರ್ ಇಬ್ಬರು ಬಳಸಬಾರದು.

ಕ್ರೀಮ್: ಇದರಲ್ಲಿರುವ ಥಯೋಗ್ಲೈಕೊಲೇಟ್ ಕೂದಲನ್ನು ಕರಗಿಸುತ್ತದೆ. ಕೂದಲೂ ಚರ್ಮದ ಮೇಲ್ಪದರವೂ ಕೆರಾಟಿನ್ ಎಂಬ ಪ್ರೋಟೀನ್‌ನಿಂದಲೇ ಆಗಿರುವುದು, ಹಾಗಾಗಿ ಜಾಸ್ತಿ ಹೊತ್ತು ಬಿಟ್ಟರೆ ಚರ್ಮವನ್ನೂ ಕರಗಿಸುತ್ತದೆ. "ಇನ್ನೂ ಎರಡು ನಿಮಿಷ ಇರಲಿ" ಎಂಬಲ್ಲೇ ಸುಟ್ಟ ಗಾಯ ಆಗುವುದು. ಮೊಬೈಲ್‌ನಲ್ಲಿ ಅಲಾರಂ ಇಡಿ. ಉರಿ ಶುರುವಾದರೆ ಅಲಾರಂಗೂ ಕಾಯದೆ ತೊಳೆಯಿರಿ. ಕಾಲಿನ ಕ್ರೀಮ್ ಮುಖಕ್ಕೆ ಹಚ್ಚಬೇಡಿ. ಅದೇ ದಿನ ಸ್ಕ್ರಬ್ ಬೇಡ, ನಿಂಬೆರಸವೂ ಬೇಡ.

ವ್ಯಾಕ್ಸ್: ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೂದಲು ಒಂದು ಅಕ್ಕಿ ಕಾಳಿನಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಉದ್ದ ಇರಬೇಕು. ಗಿಡ್ಡ ಇದ್ದರೆ ಹಿಡಿತ ಸಿಗುವುದಿಲ್ಲ, ತುಂಡಾಗುತ್ತದೆ. ಜಾಗ ಒಣಗಿಸಿ ತೆಳುವಾಗಿ ಪೌಡರ್ ಹಾಕಿ. ವ್ಯಾಕ್ಸ್‌ನ ಬಿಸಿಯನ್ನು ಮೊದಲು ನಿಮ್ಮ ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ. ಪಾರ್ಲರ್‌ನಲ್ಲೂ ಇದನ್ನು ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ. ಕೂದಲು ಬೆಳೆದ ದಿಕ್ಕಿಗೆ ಹಚ್ಚಿ, ಪಟ್ಟಿ ಒತ್ತಿ. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಪಟ್ಟಿಯನ್ನು ಎದುರು ದಿಕ್ಕಿಗೆ ಚರ್ಮಕ್ಕೆ ತಾಗಿಕೊಂಡಂತೆಯೇ ಒಂದೇ ಏಟಿಗೆ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ಚರ್ಮ ಕಂದುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಎಳೆಯಬೇಡಿ. ಉಳಿದ ನಾಲ್ಕು ಕೂದಲನ್ನು ಚಿಮುಟದಿಂದ ತೆಗೆದರಾಯಿತು.

ಎಳೆದ ತಕ್ಷಣ ಅಂಗೈಯಿಂದ ಒತ್ತಿ ಹಿಡಿದರೆ ನೋವು ಬೇಗ ಇಳಿಯುತ್ತದೆ. ಅವತ್ತು ಬಿಸಿನೀರಿನ ಸ್ನಾನ, ಜಿಮ್, ಬಿಗಿ ಜೀನ್ಸ್, ಬಿಸಿಲಲ್ಲಿ ಓಡಾಟ ಬೇಡ. ಪಾರ್ಲರ್‌ನಲ್ಲಿ ಒಂದು ಸಲ ಮೈಗೆ ತಾಗಿಸಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದುತ್ತಿದ್ದರೆ ಎದ್ದು ಬನ್ನಿ. ಸಕ್ಕರೆ ಪಾಕದ ವ್ಯಾಕ್ಸ್ ಮನೆಯಲ್ಲೇ ಕಾಯಿಸುವವರು ನೆನಪಿಡಿ, ಪಾಕ ಮೇಲೆ ತಣ್ಣಗಾದಂತೆ ಕಂಡರೂ ಒಳಗೆ ಕುದಿಯುವಷ್ಟು ಬಿಸಿ ಇರುತ್ತದೆ.

ಮೊಡವೆಗೆ ಟ್ರೆಟಿನಾಯಿನ್ ಅಥವಾ ಅಡಾಪಲಿನ್ ಹಚ್ಚುತ್ತಿದ್ದರೆ ಮುಖಕ್ಕೆ ವ್ಯಾಕ್ಸ್ ಮಾಡಿಸುವ ಒಂದು ವಾರ ಮುಂಚೆ ನಿಲ್ಲಿಸಿ. ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುತ್ತಿದ್ದರೆ ವ್ಯಾಕ್ಸ್ ಮಾತೇ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಯಾವಾಗ ಶುರು ಮಾಡಬಹುದೆಂದು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ಅರಿಶಿನ, ಕಡಲೆಹಿಟ್ಟಿನ ಬಗ್ಗೆ ಕೇಳುವವರಿಗೆ: ಕಸ್ತೂರಿ ಅರಿಶಿನ ಹಚ್ಚುವುದು ನಮ್ಮ ಮನೆಗಳ ಹಳೇ ಪದ್ಧತಿ, ಒಗ್ಗುವವರು ಹಚ್ಚಿ. ಆದರೆ ಅದರಿಂದ ಒರಟು ಕೂದಲು ಬೇರುಸಹಿತ ಹೋಗುವುದಿಲ್ಲ. ಒಣಗಿದ ಹಿಟ್ಟನ್ನು ಗಟ್ಟಿಯಾಗಿ ಉಜ್ಜಿ ತೆಗೆದರೆ ಸಿಗುವುದು ಕಪ್ಪು ಕಲೆ.

ಹಂತ 7: ಲೇಸರ್‌ಗೆ ಹೋಗುವುದಾದರೆ

ಮೊದಲು ಮಾತು ಸರಿಮಾಡಿಕೊಳ್ಳೋಣ. ಲೇಸರ್‌ನಿಂದ ಕೂದಲು ಬಹಳ ಕಾಲ ಕಡಿಮೆಯಾಗುತ್ತದೆ, ತೆಳ್ಳಗಾಗುತ್ತದೆ. "ಜೀವನಪರ್ಯಂತ ಒಂದೂ ಬರಲ್ಲ" ಎಂದು ಹೇಳುವ ಕಡೆ ದುಡ್ಡು ಕಟ್ಟಬೇಡಿ. ಯಾವ ಹೊತ್ತಿನಲ್ಲಿ ನೋಡಿದರೂ ಒಂದಷ್ಟು ಕೂದಲು ಮಾತ್ರ ಬೆಳೆಯುವ ಹಂತದಲ್ಲಿ ಇರುತ್ತದೆ, ಲೇಸರ್ ಹಿಡಿಯುವುದು ಅದನ್ನೇ. ಅದಕ್ಕೇ 6ರಿಂದ 8 ಸಲ ಬೇಕು. ಮುಖಕ್ಕೆ 4ರಿಂದ 6 ವಾರ, ಮೈಗೆ 6ರಿಂದ 8 ವಾರ ಬಿಟ್ಟು ಹೋಗಬೇಕು. ಆಮೇಲೂ ವರ್ಷಕ್ಕೆ ಒಂದೆರಡು ಸಲ ಬೇಕಾಗಬಹುದು.

ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು: ಯಾವ ಮೆಷಿನ್? ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ (ಇದು ಬೆಳಕಿನ ಅಲೆಯ ಉದ್ದ) ಎನ್‌ಡಿ ಯಾಗ್ ಹೆಚ್ಚು ಸುರಕ್ಷಿತ. ಕಂದು ಚರ್ಮಕ್ಕೆ 810ರ ಆಸುಪಾಸಿನ ಡಯೋಡ್ ಸಹ ನಡೆಯುತ್ತದೆ. 755ರ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಸರಿ, ನಮಗೆ ಸುಡುವ ಭಯ ಜಾಸ್ತಿ. ಚರ್ಮವೈದ್ಯರು ಮೊದಲು ನೋಡುತ್ತಾರಾ? ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತಾರಾ? ಕಣ್ಣಿಗೆ ರಕ್ಷಣೆ ಕೊಡುತ್ತಾರಾ? ಒಂದಕ್ಕೂ ನೇರ ಉತ್ತರ ಬರಲಿಲ್ಲವೆಂದರೆ ರಿಯಾಯಿತಿ ಎಷ್ಟೇ ಇದ್ದರೂ ಬೇಡ. ಆನ್‌ಲೈನ್‌ನಲ್ಲಿ ಸಿಗುವ ಮನೆಬಳಕೆಯ ಐಪಿಎಲ್ (ಲೇಸರ್ ಥರವೇ ಬೆಳಕು ಹಾಯಿಸಿ ಕೂದಲು ಕಡಿಮೆ ಮಾಡುವ) ಸಾಧನ ಕೊಳ್ಳುವವರು ಡಬ್ಬದ ಮೇಲಿನ ಚರ್ಮದ ಬಣ್ಣದ ಪಟ್ಟಿಗೆ ತಮ್ಮ ಕೈ ಹಿಡಿದು ನೋಡಬೇಕು. ಕಪ್ಪು ಬಣ್ಣದವರಿಗೆ ಆ ಸಾಧನ ಬೇಡ ಎಂದು ಅದರಲ್ಲೇ ಬರೆದಿರುತ್ತದೆ.

ಲೇಸರ್‌ಗೆ ಮುಂಚಿನ 4 ವಾರ ಥ್ರೆಡ್ಡಿಂಗ್, ವ್ಯಾಕ್ಸ್, ಚಿಮುಟ ಯಾವುದೂ ಬೇಡ. ಬುಡವನ್ನೇ ಕಿತ್ತರೆ ಬೆಳಕಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಎರಡು ಸಲದ ನಡುವೆಯೂ ಅಷ್ಟೆ, ಮದುವೆ ಮನೆಗೆ ಹೋಗಬೇಕೆಂದು ಸುಮ್ನೆ ಒಂದು ಸಲ ಥ್ರೆಡ್ಡಿಂಗ್ ಮಾಡಿಸಿದರೆ ಮುಂದಿನ ಲೇಸರ್‌ನ ದುಡ್ಡು ದಂಡ. ರೇಜರ್ ಬಳಸಬಹುದು. ಹಿಂದಿನ ದಿನ ಬೋಳಿಸಿಕೊಂಡೇ ಹೋಗಬೇಕು. ಬಿಸಿಲಿಗೆ ಕಪ್ಪಾಗಿದ್ದರೆ ಮುಂದೂಡಿ. ಗರ್ಭಿಣಿಯರು ಹೆರಿಗೆ ಆಗುವವರೆಗೆ ಕಾಯುವುದು ಒಳ್ಳೆಯದು. ನೋವು ಗೊತ್ತಾಗದ ಹಾಗೆ ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಬೇಡಿ. ಹಾಗೆ ಮಾಡಿದ ಇಬ್ಬರು ಯುವತಿಯರು ಸತ್ತ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಕೊಟ್ಟಿತು.

ಕೆನ್ನೆಯ ವಿಷಯಕ್ಕೆ ಬರೋಣ. ಕೆನ್ನೆ, ದವಡೆ, ಕತ್ತಿನ ನವಿರು ಕೂದಲಿಗೆ ಲೇಸರ್ ಅಥವಾ ಐಪಿಎಲ್ ತಾಗಿದಾಗ ಕೆಲವರಿಗೆ ಅದು ಕಡಿಮೆಯಾಗುವ ಬದಲು ದಪ್ಪಗೆ ಕಪ್ಪಗೆ ಬೆಳೆಯುತ್ತದೆ. ಕಂದು ಚರ್ಮದವರಲ್ಲಿ, ಪಿಸಿಒಎಸ್ ಇರುವವರಲ್ಲಿ ಇದು ಹೆಚ್ಚು. "ಪೂರ್ತಿ ಮುಖದ ಪ್ಯಾಕೇಜ್" ತಗೊಳ್ಳಿ ಎಂದರೆ ಗದ್ದದ ದಪ್ಪ ಕೂದಲಿಗಷ್ಟೇ ಸಾಕು ಎನ್ನಿ.

ಮದುವೆಗೆ ಎರಡು ತಿಂಗಳಿದೆ, ಲೇಸರ್ ಮುಗಿಸಬೇಕು ಎಂದರೆ ಆಗದು. ಎಂಟು ಹತ್ತು ತಿಂಗಳು ಮುಂಚೆ ಶುರುವಾಗಬೇಕಿತ್ತು. ಅಂಥವರು ಮೈಗೆ ಎರಡು ಮೂರು ದಿನ ಮುಂಚೆ ವ್ಯಾಕ್ಸ್, ಹುಬ್ಬಿಗೆ ಒಂದೆರಡು ದಿನ ಮುಂಚೆ ಥ್ರೆಡ್ಡಿಂಗ್ ಮಾಡಿಸಿ. ಕೊನೆಯ ಎರಡು ವಾರ ಯಾವ ಹೊಸ ಪ್ರಯೋಗವೂ ಬೇಡ.

ಹಂತ 8: ಯಾವುದು ಸಹಜ, ಯಾವುದಕ್ಕೆ ಓಡಬೇಕು

ವ್ಯಾಕ್ಸ್ ಅಥವಾ ಲೇಸರ್ ಆದ ಮೇಲೆ ಕೂದಲಿನ ಬುಡದಲ್ಲಿ ಸಣ್ಣಗೆ ಕೆಂಪು, ಊತ ಒಂದೆರಡು ದಿನ ಇದ್ದರೆ ಹೆದರಬೇಡಿ. ತಣ್ಣೀರು ಬಟ್ಟೆ ಇಡಿ, ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಹಗಲು ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಬಿಡಬೇಡಿ. ಲೇಸರ್ ಆಗಿ ಒಂದರಿಂದ ಮೂರು ವಾರದಲ್ಲಿ ಕೂದಲು ಹೊರಬಂದಂತೆ ಕಂಡರೆ ಅದು ಬೆಳೆಯುತ್ತಿರುವುದಲ್ಲ, ಉದುರುತ್ತಿರುವುದು.

ನೀರ್ಗುಳ್ಳೆ, ಲೇಸರ್ ಬಿದ್ದ ಜಾಗ ಬೂದು ಅಥವಾ ಬಿಳಿಯಾಗುವುದು, ಕೀವು, ಜ್ವರ, ದಿನದಿಂದ ದಿನಕ್ಕೆ ಹರಡುವ ಕೆಂಪು ಕಂಡರೆ ಚರ್ಮವೈದ್ಯರ ಹತ್ತಿರ ಹೋಗಿ. ಮನೆಯಲ್ಲಿರುವ ಸ್ಟಿರಾಯ್ಡ್ ಟ್ಯೂಬ್ ಹಚ್ಚಬೇಡಿ. ಒಳಗೆ ಸುತ್ತಿಕೊಂಡ ಕೂದಲನ್ನು ಪಿನ್ನಿನಿಂದ ಅಗೆಯಬೇಡಿ. ಕೂದಲು ತೆಗೆಯುವುದನ್ನು ಕೆಲವು ವಾರ ನಿಲ್ಲಿಸಿದರೆ ಬಹಳಷ್ಟು ತಾನಾಗಿ ಹೊರಬರುತ್ತವೆ.

ಇನ್ನೊಂದು ಗುಂಪು ಇನ್ನೂ ತುರ್ತಿನದು. ಕೆಲವೇ ತಿಂಗಳಲ್ಲಿ ಮುಖ, ಎದೆಯ ಮೇಲೆ ಕೂದಲು ಭರಭರನೆ ಬೆಳೆದರೆ, ಧ್ವನಿ ಗಡಸಾದರೆ, ಮುಟ್ಟು ನಿಂತರೆ, ಮುಟ್ಟು ನಿಂತುಹೋದ ವಯಸ್ಸಿನಲ್ಲಿ ಹೊಸದಾಗಿ ಗಡ್ಡದಂಥ ಕೂದಲು ಬಂದರೆ ಕಾಯಬೇಡಿ. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇರಬಹುದು. ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಗುವಿಗೆ ಕಂಕುಳು, ಗುಪ್ತಾಂಗದಲ್ಲಿ ಕೂದಲು ಬಂದರೂ ಮಕ್ಕಳ ವೈದ್ಯರಿಗೆ ತೋರಿಸಿ.

ವೈದ್ಯರ ಹತ್ತಿರ ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ತಾರೀಖು, ಹಚ್ಚುತ್ತಿರುವ ಕ್ರೀಮ್‌ಗಳ ಟ್ಯೂಬು, ನುಂಗುತ್ತಿರುವ ಮಾತ್ರೆಗಳ ಚೀಟಿ ತಗೊಂಡು ಹೋಗಿ. ಒಂದು ವಾರ ಕೂದಲು ತೆಗೆಯದೇ ಹೋದರೆ ಅವರಿಗೆ ನೋಡಲು ಸುಲಭ. ಹಾಗೆ ಹೊರಗೆ ಬರಲು ಮುಜುಗರವಾದರೆ ಕೂದಲು ಬೆಳೆದಿದ್ದಾಗ ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟುಕೊಂಡು, ಅದನ್ನೇ ತೋರಿಸಿ.